ಪಾಸ್‌ವರ್ಡ್ ರೀಸೆಟ್ ಕೌಂಟರ್ ರಿಪೇರಿ: ನಮ್ಮ ವಿ.ವಿ. ಲಾಗಿನ್ ಕೆಲಸದ ಟಿಪ್ಪಣಿ

ನಾನು ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಯಾವ ವಿ.ವಿ. ಅನ್ನುವುದು ಇಲ್ಲಿ ಬೇಡ. ವಿದ್ಯಾರ್ಥಿಗಳ ಲಾಗಿನ್ ವ್ಯವಸ್ಥೆಯನ್ನು ಈಚೆಗೆ ಬುಡದಿಂದ ಮತ್ತೆ ಕಟ್ಟಿದೆವು. ಬೇರೆ ಕಾಲೇಜುಗಳಲ್ಲೂ ಇದೇ ಕೆಲಸಕ್ಕೆ ಕೈ ಹಾಕಿದವರು ಇರುತ್ತೀರಿ, ಅದಕ್ಕೇ ಏನು ಮಾಡಿದೆವು, ಯಾಕೆ ಹಾಗೆ ಮಾಡಿದೆವು ಅಂತ ಬರೆದಿಡುತ್ತಿದ್ದೇನೆ.

ಮೊದಲು ಇದ್ದ ಸ್ಥಿತಿ ಹೇಳಿಬಿಡುತ್ತೇನೆ. ಪರೀಕ್ಷಾ ಪೋರ್ಟಲ್‌ಗೆ ಒಂದು ಲಾಗಿನ್, ಆನ್‌ಲೈನ್ ಪಾಠದ ಮೂಡಲ್‌ಗೆ ಇನ್ನೊಂದು, ಲೈಬ್ರರಿಯ ಸಾಫ್ಟ್‌ವೇರ್ ಕೋಹಾಗೆ ಮತ್ತೊಂದು, ವೈಫೈಗೆ ಬೇರೆ, ಹಾಸ್ಟೆಲ್ ಫೀಸಿಗೆ ಬೇರೆ. ಪರೀಕ್ಷಾ ಪೋರ್ಟಲ್‌ನಲ್ಲಿ ಯೂಸರ್‌ನೇಮ್ ಅಂದರೆ ರಿಜಿಸ್ಟರ್ ನಂಬರ್, ಪಾಸ್‌ವರ್ಡ್ ಅಂದರೆ ಹುಟ್ಟಿದ ತಾರೀಕು. ಬದಲಾಯಿಸಿಕೊಳ್ಳಿ ಅಂತ ಕೆಳಗೆ ಒಂದು ಸಾಲು ಬರೆದಿತ್ತು, ಹೆಚ್ಚಿನವರು ಬದಲಾಯಿಸುತ್ತಿರಲಿಲ್ಲ.

ರಿಜಿಸ್ಟರ್ ನಂಬರ್ ಗುಟ್ಟಿನ ವಿಷಯವೇ ಅಲ್ಲ. ಹಾಲ್ ಟಿಕೆಟ್‌ನಲ್ಲಿ ಇರುತ್ತದೆ, ಪರೀಕ್ಷೆ ದಿನ ಗೋಡೆಗೆ ಅಂಟಿಸುವ ಸೀಟಿಂಗ್ ಹಾಳೆಯಲ್ಲಿ ಇರುತ್ತದೆ. ಹುಟ್ಟಿದ ತಾರೀಕು ಗೆಳೆಯರಿಗೆಲ್ಲ ಗೊತ್ತು. ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ, ಒಂದು ಬ್ಯಾಚಿನ ಮಕ್ಕಳ ವಯಸ್ಸು ಹೆಚ್ಚೂಕಮ್ಮಿ ಮೂರು ವರ್ಷದ ಒಳಗೇ ಇರುತ್ತದೆ. ಮೂರು ವರ್ಷ ಅಂದರೆ 1,095 ತಾರೀಕು. ಅಷ್ಟನ್ನು ಒಂದೊಂದಾಗಿ ಹಾಕಿ ನೋಡಲು ಒಂದು ಸಣ್ಣ ಸ್ಕ್ರಿಪ್ಟ್‌ಗೆ ಚಹಾ ಕುಡಿಯುವಷ್ಟು ಹೊತ್ತೂ ಬೇಡ.

ಒಳಗೆ ಹೋದವರು ಏನು ಮಾಡಬಹುದು? ಮಾರ್ಕ್ಸ್ ನೋಡಬಹುದು, ಅದು ಬಿಡಿ. ರಿವ್ಯಾಲ್ಯುಯೇಷನ್ ಅರ್ಜಿ ರದ್ದು ಮಾಡಬಹುದು. ಮೊಬೈಲ್ ನಂಬರ್ ಬದಲಾಯಿಸಬಹುದು. ಫೀಸ್ ವಾಪಸ್ ಬರುವ ಬ್ಯಾಂಕ್ ಖಾತೆಯನ್ನೇ ಬದಲಾಯಿಸಬಹುದು. ಹಳ್ಳಿಯಿಂದ ಬಂದು ಹಾಸ್ಟೆಲ್‌ನಲ್ಲಿ ಓದುವ ಮಗುವಿಗೆ ಆ ದುಡ್ಡು ಸಣ್ಣದಲ್ಲ.

ಕೆಲಸ ಶುರು ಮಾಡುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಪಾಸ್‌ವರ್ಡ್ ಗಟ್ಟಿ ಮಾಡೋಣ, ಒಟಿಪಿ ಹಾಕೋಣ. ನನಗೆ ಮಾತ್ರ ಕಾಡಿದ್ದು ರೀಸೆಟ್ ಕೌಂಟರ್. ಬೀಗ ಎಷ್ಟು ಗಟ್ಟಿ ಇದ್ದರೇನು, ಕೀಲಿ ಕಳೆದುಕೊಂಡೆ ಅಂತ ಬಂದು ನಿಂತವರಿಗೆಲ್ಲ ಇನ್ನೊಂದು ಕೀಲಿ ಕೊಡುತ್ತಾ ಹೋದರೆ? ನಮ್ಮಲ್ಲಿ ಆಗುತ್ತಿದ್ದದ್ದು ಅದೇ. ವಿದ್ಯಾರ್ಥಿ ಬರುತ್ತಾನೆ, ರಿಜಿಸ್ಟರ್ ನಂಬರ್ ಹೇಳುತ್ತಾನೆ, ಕೇಸ್ ವರ್ಕರ್ ಒಂದು ಗುಂಡಿ ಒತ್ತುತ್ತಾರೆ, ಪಾಸ್‌ವರ್ಡ್ ಮತ್ತೆ ಹುಟ್ಟಿದ ತಾರೀಕಿಗೆ ಬರುತ್ತದೆ. ಬಂದವನು ಅವನೇನಾ ಅಂತ ನೋಡುವ ಪದ್ಧತಿಯೇ ಇರಲಿಲ್ಲ. ಕೇಸ್ ವರ್ಕರ್ ತಪ್ಪು ಅಂತ ನಾನು ಹೇಳುವುದಿಲ್ಲ. ಪರೀಕ್ಷಾ ಅರ್ಜಿಯ ಕೊನೆ ದಿನ ಕಿಟಕಿಯ ಮುಂದೆ ಅಷ್ಟುದ್ದ ಸಾಲು ಇರುವಾಗ, ಬೇರೆ ದಾರಿಯನ್ನು ಯಾರೂ ಮಾಡಿಕೊಟ್ಟಿರದಾಗ, ಅವರು ಇನ್ನೇನು ಮಾಡಬೇಕು?

ಇನ್ನೊಂದು ಕಡೆ, ದೂರದ ತಾಲೂಕಿನ ಕಾಲೇಜಿನ ಮಕ್ಕಳು ಪಾಸ್‌ವರ್ಡ್ ಒಂದಕ್ಕೋಸ್ಕರ ಬಸ್ ಹತ್ತಿ ಬರುತ್ತಿದ್ದರು. ಹಾಗಾಗಿ ಸುರಕ್ಷತೆ ಬೇರೆ, ವಿದ್ಯಾರ್ಥಿ ಸೇವೆ ಬೇರೆ ಅಂತ ಎರಡು ಕಡತ ತೆರೆಯಲೇ ಇಲ್ಲ. ಒಂದೇ ಕೆಲಸ ಅಂತಲೇ ಹಿಡಿದೆವು.

ಕಟ್ಟಿದ್ದು ಹೀಗೆ

ಎಲ್ಲದಕ್ಕೂ ಒಂದೇ ಲಾಗಿನ್ ಅಂತ ಕೀಕ್ಲೋಕ್ ಅನ್ನುವ ಲಾಗಿನ್ ಸಾಫ್ಟ್‌ವೇರ್ ಆರಿಸಿದೆವು. ಓಪನ್ ಸೋರ್ಸ್, ಲೈಸೆನ್ಸ್ ದುಡ್ಡಿಲ್ಲ, ಟೆಂಡರ್ ಕರೆದು ಕಾಯುವ ಹಾಗಿಲ್ಲ. ಎರಡು ವರ್ಚುವಲ್ ಮಷಿನ್ (ದೊಡ್ಡ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಸರ್ವರ್), ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಬಂದವರನ್ನು ಎರಡಕ್ಕೂ ಹಂಚುವ ಒಂದು ಲೋಡ್ ಬ್ಯಾಲೆನ್ಸರ್. ಮೂಡಲ್ ಮತ್ತು ಕೋಹಾ ಓಪನ್ ಐಡಿ ಕನೆಕ್ಟ್ (ಒಂದು ಕಡೆಯ ಲಾಗಿನ್ ಬೇರೆ ಕಡೆ ನಡೆಯುವಂತೆ ಮಾಡುವ ಪದ್ಧತಿ) ಮೂಲಕ ಸೇರಿಕೊಂಡವು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಕಷ್ಟ ಕೊಟ್ಟಿದ್ದು ಹಳೇ ಪರೀಕ್ಷಾ ಸಾಫ್ಟ್‌ವೇರ್. ಪಿಎಚ್‌ಪಿಯಲ್ಲಿ ಬರೆದದ್ದು, ಬರೆದವರು ಈಗ ಸಿಗುವುದಿಲ್ಲ. ಅದರ ಒಳಗೆ ಕೈ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ, ಹಾಕಲೂಬಾರದು, ಫಲಿತಾಂಶ ಬರುವುದೇ ಅದರಿಂದ. ಹಾಗಾಗಿ ಅದರ ಮುಂದೆ ಒಂದು ಅಪಾಚೆ ಸರ್ವರ್ ನಿಲ್ಲಿಸಿ, ಓಪನ್ ಐಡಿ ಮಾಡ್ಯೂಲ್ ಹಾಕಿ, ಲಾಗಿನ್ ಆದವರ ರಿಜಿಸ್ಟರ್ ನಂಬರನ್ನು ಒಂದು ಹೆಡರ್‌ನಲ್ಲಿ, ಅಂದರೆ ಪುಟದ ಕೋರಿಕೆಯ ಜೊತೆ ಹೋಗುವ ಒಂದು ಸಾಲಿನಲ್ಲಿ, ಹಳೇ ಸಾಫ್ಟ್‌ವೇರ್‌ಗೆ ದಾಟಿಸಿದೆವು. ಅದು ಆ ನಂಬರ್ ಓದಿ ಒಳಗೆ ಬಿಟ್ಟುಕೊಳ್ಳುತ್ತದೆ, ಅಷ್ಟೇ ಬದಲಾವಣೆ.

ಇದನ್ನು ಮಾಡುವವರು ಒಂದು ವಿಷಯ ಗಮನಿಸಿ. ಹಳೇ ಸರ್ವರ್‌ಗೆ ನೇರ ದಾರಿ ಇನ್ನೂ ತೆರೆದಿದ್ದರೆ ಯಾರು ಬೇಕಾದರೂ ಆ ಹೆಡರನ್ನು ತಾವೇ ಬರೆದು ಕಳಿಸಿ, ಯಾರ ಹೆಸರಲ್ಲಿ ಬೇಕಾದರೂ ಒಳಗೆ ಹೋಗಬಹುದು. ಮುಂದಿನ ಸರ್ವರ್‌ನ ಐಪಿ (ನೆಟ್‌ವರ್ಕ್ ವಿಳಾಸ) ಬಿಟ್ಟು ಬೇರೆ ಯಾರ ಸಂಪರ್ಕವನ್ನೂ ಹಳೇ ಸರ್ವರ್ ತೆಗೆದುಕೊಳ್ಳದ ಹಾಗೆ ಫೈರ್‌ವಾಲ್ ಕಟ್ಟಬೇಕು, ಹೊರಗಿಂದ ಬಂದ ಅದೇ ಹೆಸರಿನ ಹೆಡರನ್ನು ಮುಂದಿನ ಸರ್ವರ್‌ನಲ್ಲೇ ಅಳಿಸಬೇಕು. ಎರಡೂ ಬೇಕು.

ಹಳೇ ಪಾಸ್‌ವರ್ಡ್‌ಗಳನ್ನು ಹೊಸದಕ್ಕೆ ತರಲೇ ಇಲ್ಲ. ಅವು ಎಂಡಿ5 ಅನ್ನುವ ಹಳೇ ಹ್ಯಾಶ್ (ಪಾಸ್‌ವರ್ಡನ್ನು ಲೆಕ್ಕದಿಂದ ಬೇರೆ ಅಕ್ಷರಸಾಲಾಗಿ ಮಾಡಿಡುವ ರೀತಿ) ಆಗಿ ಕೂತಿದ್ದವು, ಒಂದೊಂದಕ್ಕೂ ಬೇರೆ ಬೇರೆಯಾಗಿ ಬೆರೆಸುವ ಸಾಲ್ಟ್ ಕೂಡ ಇರಲಿಲ್ಲ, ಮುಕ್ಕಾಲುಪಾಲು ಹುಟ್ಟಿದ ತಾರೀಕೇ ಆಗಿದ್ದಾಗ ತಂದು ಏನು ಪ್ರಯೋಜನ? ಎಲ್ಲರೂ ಹೊಸದಾಗಿ ಖಾತೆ ಚಾಲೂ ಮಾಡಿಕೊಳ್ಳಬೇಕು ಅಂತ ನಿಶ್ಚಯ ಮಾಡಿದೆವು. ಅದಕ್ಕೆ ಚೀಟಿ. ಪ್ರತಿ ಕಾಲೇಜಿನ ನೋಡಲ್ ಆಫೀಸರ್ ಗುರುತಿನ ಚೀಟಿಯ ಫೋಟೋ ನೋಡಿ, ಸಹಿ ಹಾಕಿಸಿಕೊಂಡು, ಎಂಟು ಅಕ್ಷರದ ಕೋಡ್ ಇರುವ ಚೀಟಿ ಕೊಡುತ್ತಾರೆ. ಒಂದು ಸಲ ಬಳಸಿದರೆ ಮುಗಿಯಿತು.

ಆ ಕೋಡ್‌ನಲ್ಲಿ ಇಂಗ್ಲಿಷಿನ ಐ, ಎಲ್, ಓ, ಯು ಇಲ್ಲ. ಸೊನ್ನೆಯೋ ಓ ಅಕ್ಷರವೋ, ಒಂದೋ ಎಲ್ಲೋ ಅಂತ ಗೊಂದಲ ಆಗಬಾರದು ಅಂತ ಡಗ್ಲಸ್ ಕ್ರಾಕ್‌ಫರ್ಡ್ ಮಾಡಿದ 32 ಅಕ್ಷರದ ಪಟ್ಟಿಯನ್ನೇ ಬಳಸಿದೆವು. ಒಂದೊಂದು ಅಕ್ಷರಕ್ಕೆ 5 ಬಿಟ್, ಎಂಟಕ್ಕೆ 40 ಬಿಟ್. ಊಹೆ ಮಾಡಿ ಹಿಡಿಯಲು ಆಗುವುದಿಲ್ಲ, ಕೈಯಲ್ಲಿ ಟೈಪ್ ಮಾಡಲು ಕಷ್ಟವೂ ಅಲ್ಲ. ಕಾಗದದ ಚೀಟಿ ಹಳೇಕಾಲದ್ದು ಅಂತ ಕೆಲವರು ಮೂಗು ಮುರಿದರು. ನನಗೆ ಅದು ಒಪ್ಪಿಗೆಯೇ. ಸ್ಮಾರ್ಟ್‌ಫೋನ್ ಇಲ್ಲದ ಮಗುವಿಗೂ ಕಾಗದ ಸಿಗುತ್ತದೆ, ಕೊಡುವಾಗ ಎದುರಿಗೆ ಒಬ್ಬ ಮನುಷ್ಯ ಮುಖ ನೋಡಿರುತ್ತಾನೆ.

ಪಾಸ್‌ವರ್ಡ್ ನಿಯಮ

ಇಲ್ಲಿ ಮೀಟಿಂಗ್‌ನಲ್ಲಿ ಜಾಸ್ತಿ ಚರ್ಚೆ ಆಯಿತು. ಮೂರು ತಿಂಗಳಿಗೊಮ್ಮೆ ಬದಲಾಯಿಸಲೇಬೇಕು, ಒಂದು ದೊಡ್ಡಕ್ಷರ, ಒಂದು ಚಿಹ್ನೆ ಇರಲೇಬೇಕು ಅನ್ನುವ ಹಳೇ ಅಭ್ಯಾಸ ಇನ್ನೂ ಇದೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲೇ ಇವೆರಡನ್ನೂ ಬಿಡಿ ಅಂದಿತ್ತು, ಬದಲಿಗೆ ಈಗಾಗಲೇ ಸೋರಿಹೋದ ಪಾಸ್‌ವರ್ಡ್‌ಗಳ ಪಟ್ಟಿಯ ಜೊತೆ ಹೋಲಿಸಿ ನೋಡಿ ಅಂದಿತ್ತು. ಅದನ್ನೇ ಮುಂದಿಟ್ಟೆವು. ನಮ್ಮ ನಿಯಮ ಈಗ ಇಷ್ಟೇ: ಕನಿಷ್ಠ 12 ಅಕ್ಷರ, ಸೋರಿದ ಪಟ್ಟಿಯಲ್ಲಿ ಇರಬಾರದು, ನಿಮ್ಮ ಹೆಸರು, ರಿಜಿಸ್ಟರ್ ನಂಬರ್, ಫೋನ್ ನಂಬರ್, ಹುಟ್ಟಿದ ತಾರೀಕು ಒಳಗೆ ಇರಬಾರದು. ಕಾಲಕಾಲಕ್ಕೆ ಬದಲಾಯಿಸುವ ಒತ್ತಾಯ ಇಲ್ಲ.

ಸೋರಿದ ಪಟ್ಟಿ ಅಂದರೆ ಟ್ರಾಯ್ ಹಂಟ್ ನಡೆಸುವ ಹ್ಯಾವ್ ಐ ಬೀನ್ ಪೋನ್ಡ್ ಸೇವೆಯದ್ದು. ಅಲ್ಲಿ ಕೇಳುವ ರೀತಿ ಚೆನ್ನಾಗಿದೆ. ಪಾಸ್‌ವರ್ಡನ್ನು ಶಾ-1 ಹ್ಯಾಶ್ ಮಾಡಿದರೆ 40 ಅಕ್ಷರ ಬರುತ್ತದೆ, ಅದರಲ್ಲಿ ಮೊದಲ ಐದನ್ನು ಮಾತ್ರ ಕಳಿಸಬೇಕು. ಆ ಐದರಿಂದ ಶುರುವಾಗುವ ಎಲ್ಲ ಹ್ಯಾಶ್‌ಗಳ ಬಾಲ ವಾಪಸ್ ಬರುತ್ತದೆ, ನಮ್ಮದು ಅದರಲ್ಲಿ ಇದೆಯಾ ಅಂತ ನಮ್ಮ ಸರ್ವರ್‌ನಲ್ಲೇ ನೋಡಿಕೊಳ್ಳುತ್ತೇವೆ. ಪಾಸ್‌ವರ್ಡ್ ಹೊರಗೆ ಹೋಗುವುದೇ ಇಲ್ಲ. ಇಂಟರ್ನೆಟ್ ಹೋದಾಗಲೂ ನಡೆಯಲಿ ಅಂತ ಪೂರ್ತಿ ಪಟ್ಟಿಯನ್ನೇ ಇಳಿಸಿಕೊಂಡಿದ್ದೇವೆ, ಅದಕ್ಕೆ ಅವಕಾಶ ಇದೆ.

ಪ್ರಪಂಚದ ಪಟ್ಟಿಗೆ ನಮ್ಮ ಊರಿನ ಅಭ್ಯಾಸ ಎಲ್ಲ ಗೊತ್ತಿರುವುದಿಲ್ಲ. ಊರ ದೇವರ ಹೆಸರು, ನೆಚ್ಚಿನ ನಟನ ಹೆಸರಿನ ಮುಂದೆ 143, ಕಾಲೇಜಿನ ಹೆಸರಿನ ಮುಂದೆ ಸೇರಿದ ವರ್ಷ. ಇಂಥವನ್ನು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ಕೀಕ್ಲೋಕ್‌ನ ಬ್ಲ್ಯಾಕ್‌ಲಿಸ್ಟ್‌ಗೆ ಕೊಟ್ಟೆವು. ಆ ಫೈಲ್ ಮಾಡಿಕೊಟ್ಟವರು ಎಂಸಿಎ ವಿದ್ಯಾರ್ಥಿಗಳು. ತಮ್ಮ ಓರಗೆಯವರು ಏನೇನು ಇಡುತ್ತಾರೆ ಅನ್ನುವುದು ಅವರಿಗೇ ತಾನೇ ಗೊತ್ತಿರುವುದು!

ಫೋನ್ ನಂಬರ್ ಯಾರದ್ದು?

ರೀಸೆಟ್‌ಗೆ ಎಸ್‌ಎಂಎಸ್ ಒಟಿಪಿ ಸಾಕಲ್ವಾ ಅಂತ ಕೇಳುತ್ತಾರೆ. ನಮ್ಮ ಡೇಟಾಬೇಸ್‌ನಲ್ಲಿ ಒಂದು ಸಣ್ಣ ಕ್ವೆರಿ ಓಡಿಸಿ ನೋಡಿದೆವು: ಒಂದೇ ಮೊಬೈಲ್ ನಂಬರ್ ಮೂರಕ್ಕಿಂತ ಜಾಸ್ತಿ ಖಾತೆಗಳಲ್ಲಿ ಎಲ್ಲೆಲ್ಲಿ ಇದೆ? ಉದ್ದ ಪಟ್ಟಿ ಬಂತು. ಅಣ್ಣ-ತಮ್ಮ-ತಂಗಿಗೆ ಅಪ್ಪನ ಒಂದೇ ನಂಬರ್ ಇರುವುದು ಸಹಜ. ಆದರೆ ಅಡ್ಮಿಷನ್ ಅರ್ಜಿ ತುಂಬಿಸಿದ ಸೈಬರ್ ಸೆಂಟರ್‌ನವರ ನಂಬರ್ ಸಾಲುಸಾಲಾಗಿ ಬಂದಾಗ ಮೈ ಜುಮ್ ಎಂದಿತು. ಆ ಮಕ್ಕಳ ಒಟಿಪಿ ಎಲ್ಲ ಹೋಗುವುದು ಆ ಅಂಗಡಿಗೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಸಹಾಯ ಮಾಡಲೆಂದೇ ಹಾಕಿರುತ್ತಾರೆ. ಆದರೂ ಕೀಲಿ ಅವರ ಕೈಯಲ್ಲಿ ಇರಬಾರದು.

ಇನ್ನೊಂದು, ರೀಚಾರ್ಜ್ ಮಾಡದೆ ಬಿಟ್ಟ ಸಿಮ್. ಬಂದ್ ಆದ ನಂಬರನ್ನು 90 ದಿನದ ನಂತರ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಮೊದಲ ವರ್ಷ ಕೊಟ್ಟ ನಂಬರ್ ಕೊನೆಯ ವರ್ಷಕ್ಕೆ ಯಾರ ಜೇಬಿನಲ್ಲಿದೆಯೋ.

ಹಾಗಾಗಿ ಮೂರಕ್ಕಿಂತ ಜಾಸ್ತಿ ಖಾತೆಯಲ್ಲಿ ಇರುವ ನಂಬರಿಗೆ ರೀಸೆಟ್ ಒಟಿಪಿ ಹೋಗುವುದೇ ಇಲ್ಲ. ಚೀಟಿ ಪಡೆಯಲು ಬಂದಾಗ ಎದುರಿಗೇ ನಂಬರ್ ಸರಿಮಾಡಿಸುತ್ತೇವೆ. ಒಂದು ದಿನ ಕೌಂಟರ್‌ನಲ್ಲಿ ನಾನೇ ಕೂತಿದ್ದಾಗ ಬಿ.ಎ. ಓದುವ ಒಬ್ಬ ಹುಡುಗಿ ಬಂದಳು.

"ಸರ್, ಒಟಿಪಿ ಬರ್ತಾನೇ ಇಲ್ಲ."

"ಕೊನೇ ನಾಕು ಅಂಕಿ ಹೇಳಮ್ಮ."

ಹೇಳಿದಳು. ದಾಖಲೆಯಲ್ಲಿ ಇದ್ದದ್ದು ಬೇರೆಯೇ. "ಇದು ನಂದಲ್ಲ ಸರ್, ಅರ್ಜಿ ಹಾಕ್ಸಿದ ಅಂಗಡಿಯವರ್ದು. ನಂಗೆ ಫೋನಿಲ್ಲ, ಅಮ್ಮಂದು ಕೀಪ್ಯಾಡ್ ಫೋನಿದೆ, ಅದು ಹಾಕ್ಬಹುದಾ?"

ಹಾಕಬಹುದು, ಖಂಡಿತ ಹಾಕಬಹುದು. ಆ ಹುಡುಗಿಗೆ ಅಮ್ಮನ ಕೀಪ್ಯಾಡ್ ಫೋನ್ ಸಾಕಾಗುವ ಹಾಗೆ ವ್ಯವಸ್ಥೆ ಇರಬೇಕು. ಆಪ್ ಇದ್ದರೆ ಮಾತ್ರ ಸುರಕ್ಷತೆ ಅನ್ನುವುದಾದರೆ ಅವಳಂಥವರನ್ನು ಹೊರಗಿಟ್ಟ ಹಾಗೆ.

ಎಸ್‌ಎಂಎಸ್ ಕನ್ನಡದಲ್ಲಿ ಇರಬೇಕು ಅನ್ನುವುದು ನನ್ನ ಹಟ. ಇಂಗ್ಲಿಷ್ ಮೆಸೇಜ್ ಒಂದರಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡ ಯೂನಿಕೋಡ್ ಆದ್ದರಿಂದ 70 ಮಾತ್ರ, ದಾಟಿದರೆ ಎರಡು ಮೆಸೇಜಿನ ದುಡ್ಡು. ಆ 70 ಕೂಡ ನಾವು ಎಣಿಸುವ ಅಕ್ಷರ ಅಲ್ಲ. ಸ್ವರಚಿಹ್ನೆ, ಒತ್ತಕ್ಷರ ಎಲ್ಲ ಬೇರೆ ಬೇರೆ ಲೆಕ್ಕ. "ವಿದ್ಯಾರ್ಥಿ" ಅನ್ನುವಲ್ಲಿ ಕಣ್ಣಿಗೆ ಮೂರೇ ಅಕ್ಷರ, ಲೆಕ್ಕದಲ್ಲಿ ಹತ್ತು. ಆದ್ದರಿಂದ ಮೆಸೇಜ್ ಇಷ್ಟಕ್ಕೆ ಇಳಿಸಿದೆವು: "ಒಟಿಪಿ 482913. ಯಾರಿಗೂ ಹೇಳಬೇಡಿ. 10 ನಿಮಿಷ ಮಾತ್ರ." ಇದು 45. ಉಳಿದ 25ರಲ್ಲಿ ವಿ.ವಿ. ಹೆಸರಿನ ಚಿಕ್ಕ ರೂಪ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಈ ವಾಕ್ಯವನ್ನು ಡಿಎಲ್‌ಟಿ ಅನ್ನುವ ಮೆಸೇಜ್ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು, ಕಳಿಸುವುದು ನೋಂದಾಯಿಸಿದ ಹಾಗೇ ಇರಬೇಕು. ಇಲ್ಲದಿದ್ದರೆ ಮೆಸೇಜ್ ದಾರಿಯಲ್ಲೇ ನಿಲ್ಲುತ್ತದೆ. ಟೆಂಪ್ಲೇಟ್ ಕಳಿಸುವ ಮೊದಲು ಚುಕ್ಕಿ, ಖಾಲಿ ಜಾಗ ಎಲ್ಲ ಇಬ್ಬರು ಕೂತು ನೋಡಿ.

ಕೌಂಟರ್ ಈಗ

ಕೇಸ್ ವರ್ಕರ್‌ಗೆ ಈಗ ಯಾರ ಪಾಸ್‌ವರ್ಡನ್ನೂ ಹಾಕಲು ಬರುವುದಿಲ್ಲ, ನೋಡಲೂ ಬರುವುದಿಲ್ಲ. ಅವರ ಪರದೆಯಲ್ಲಿ ವಿದ್ಯಾರ್ಥಿಯ ಫೋಟೋ ದೊಡ್ಡದಾಗಿ ಬರುತ್ತದೆ, ಮುಖ ಹೋಲಿಸಿ "ಚೀಟಿ ಕೊಡು" ಒತ್ತಿದರೆ ಪ್ರಿಂಟರ್‌ನಿಂದ ಕೋಡ್ ಬರುತ್ತದೆ. ಯಾರು ಕೊಟ್ಟರು, ಯಾವಾಗ ಅನ್ನುವುದು ದಾಖಲಾಗುತ್ತದೆ. ಇದು ಕೇಸ್ ವರ್ಕರ್‌ಗೂ ರಕ್ಷಣೆ. ಮುಂದೆ ಏನಾದರೂ ದೂರು ಬಂದರೆ ಅವರ ಮೇಲೆ ಸುಮ್ನೆ ಬೆರಳು ತೋರಿಸಲು ಆಗುವುದಿಲ್ಲ. ಕಾಲೇಜಿನ ನೋಡಲ್ ಆಫೀಸರ್‌ಗೂ ಇದೇ ಪರದೆ ಕೊಟ್ಟಿದ್ದೇವೆ, ತಮ್ಮ ಕಾಲೇಜಿನ ಮಕ್ಕಳಿಗೆ ಮಾತ್ರ. ಬಸ್ ಹತ್ತಿ ಬರುವುದು ನಿಂತಿದ್ದು ಇದರಿಂದ.

ನನಗೆ ತುಂಬಾ ಮುಖ್ಯ ಅನಿಸಿದ ನಿಯಮ ಇದು: ರೀಸೆಟ್ ಆದ ಮೇಲೆ 48 ಗಂಟೆ ಮೊಬೈಲ್ ನಂಬರ್ ಮತ್ತು ಬ್ಯಾಂಕ್ ಖಾತೆ ಬದಲಾಯಿಸಲು ಬರುವುದಿಲ್ಲ, ರೀಸೆಟ್ ಆಗಿದೆ ಅಂತ ದಾಖಲೆಯಲ್ಲಿರುವ ನಂಬರಿಗೆ ಮೆಸೇಜ್ ಹೋಗುತ್ತದೆ. ಹಾಲ್ ಟಿಕೆಟ್ ಇಳಿಸಿಕೊಳ್ಳುವುದು, ಅರ್ಜಿ ಹಾಕುವುದು ತಕ್ಷಣ ಆಗುತ್ತದೆ. ಕದಿಯಲು ಬಂದವನಿಗೆ ಬೇಕಾದದ್ದು ತಡವಾಗುತ್ತದೆ, ವಿದ್ಯಾರ್ಥಿಗೆ ಬೇಕಾದದ್ದು ಕೂಡಲೇ ಸಿಗುತ್ತದೆ. ಕೌಂಟರ್‌ನಲ್ಲಿ ಎದುರಿಗೇ ನಂಬರ್ ಬದಲಾಯಿಸಿದರೆ ಮಾತ್ರ ಈ ತಡೆ ಇಲ್ಲ.

ತಪ್ಪು ಪಾಸ್‌ವರ್ಡ್ ಹಾಕಿದರೆ ಖಾತೆ ಪೂರ್ತಿ ಲಾಕ್ ಮಾಡುವುದನ್ನು ತೆಗೆದೆವು. ಗೆಳೆಯನ ಖಾತೆಯನ್ನು ಬೇಕಂತಲೇ ಪರೀಕ್ಷೆ ಹಿಂದಿನ ದಿನ ಲಾಕ್ ಮಾಡಿಸುವವರು ಇರುತ್ತಾರೆ. ಈಗ ತಪ್ಪಾದಷ್ಟೂ ಕಾಯುವ ಹೊತ್ತು ಬೆಳೆಯುತ್ತದೆ, ಅಷ್ಟೇ. ಐಪಿ ನೋಡಿ ತಡೆಯುವುದನ್ನೂ ಸಡಿಲ ಮಾಡಿದೆವು, ಯಾಕೆಂದರೆ ಇಡೀ ಕಾಲೇಜಿನ ಲ್ಯಾಬ್ ಒಂದೇ ಐಪಿಯಿಂದ ಬರುತ್ತದೆ. ಫಲಿತಾಂಶದ ದಿನ ಆ ಐಪಿ ತಡೆದರೆ ಕಾಲೇಜೇ ಹೊರಗೆ.

ಗಡಿಯಾರ ರಿಪೇರಿ

ಅಂಕ ತುಂಬುವ ಸಿಬ್ಬಂದಿಗೆ ಪಾಸ್‌ವರ್ಡ್ ಆದ ಮೇಲೆ ಎರಡನೇ ಹಂತ ಕಡ್ಡಾಯ. ಅದಕ್ಕೆ ಬದಲಾಗುತ್ತಿರುವ ಕೋಡ್ ತೋರಿಸುವ ಆಥೆಂಟಿಕೇಟರ್ ಆಪ್ ಹಾಕಿಕೊಟ್ಟೆವು. ಒಬ್ಬ ಹಿರಿಯ ಮೇಡಂ ನೇರವಾಗಿ ಕೇಳಿದರು, "ನನ್ನ ಸ್ವಂತ ಫೋನಲ್ಲಿ ಆಫೀಸಿನ ಆಪ್ ಯಾಕೆ ಹಾಕ್ಬೇಕು?" ನ್ಯಾಯವಾದ ಪ್ರಶ್ನೆ. ಬೇಡ ಅಂದವರಿಗೆ ಯುಎಸ್‌ಬಿ ಸೆಕ್ಯುರಿಟಿ ಕೀ ಕೊಡಿಸಿದೆವು. ಅದು ಆಪ್‌ಗಿಂತ ಗಟ್ಟಿಯೂ ಹೌದು, ನಕಲಿ ಲಾಗಿನ್ ಪುಟದಲ್ಲಿ ಅದು ಕೆಲಸವೇ ಮಾಡುವುದಿಲ್ಲ.

ಆಪ್ ಬಳಸುವವರಿಂದ ಸ್ವಲ್ಪ ದಿನದಲ್ಲೇ ದೂರು ಶುರುವಾಯಿತು. ಕೋಡ್ ಒಮ್ಮೆ ಆಗುತ್ತೆ, ಒಮ್ಮೆ ಆಗಲ್ಲ. ಪೂರ್ತಿ ಆಗದಿದ್ದರೆ ಕಾರಣ ಹುಡುಕುವುದು ಸುಲಭ, ಅರ್ಧಂಬರ್ಧ ಆದಾಗಲೇ ಕಷ್ಟ. ಆದರೆ ಆ "ಒಮ್ಮೆ-ಒಮ್ಮೆ"ಯಲ್ಲೇ ಸುಳಿವು ಇತ್ತು. ಸರ್ವರ್ ಇರುವುದು ಎರಡು. ಲೋಡ್ ಬ್ಯಾಲೆನ್ಸರ್ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಕಳಿಸುತ್ತದೆ. ಲಾಗ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸೋತ ಪ್ರಯತ್ನ ಎಲ್ಲ ಎರಡನೇ ಸರ್ವರ್‌ನಲ್ಲೇ.

2011ರ ಆರ್‌ಎಫ್‌ಸಿ 6238 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆ ಹೇಳುವ ರೀತಿಯಲ್ಲಿ ಈ ಕೋಡ್ ಹುಟ್ಟುವುದು ಎರಡರಿಂದ: ಫೋನ್ ಮತ್ತು ಸರ್ವರ್ ಎರಡರಲ್ಲೂ ಇರುವ ಒಂದು ಗುಟ್ಟಿನ ಕೀ, ಮತ್ತು ಈಗಿನ ಸಮಯವನ್ನು 30 ಸೆಕೆಂಡಿನಿಂದ ಭಾಗಿಸಿದಾಗ ಬರುವ ಸಂಖ್ಯೆ. ಫೋನಿಗೆ ಇಂಟರ್ನೆಟ್ ಬೇಡ, ಸರ್ವರ್ ಜೊತೆ ಮಾತೂ ಬೇಡ, ಎರಡರ ಗಡಿಯಾರ ಒಂದೇ ಇದ್ದರೆ ಸಾಕು. ಹಿಂದಿನ ಮತ್ತು ಮುಂದಿನ ಒಂದು ಕೋಡ್‌ವರೆಗೆ ಸರ್ವರ್ ಒಪ್ಪುತ್ತದೆ. ನಮ್ಮ ಎರಡನೇ ಸರ್ವರ್ ಒಂದು ನಿಮಿಷಕ್ಕಿಂತ ಜಾಸ್ತಿ ಹಿಂದೆ ಇತ್ತು.

ಯಾಕೆ ಹಿಂದೆ? ರಾತ್ರಿ ಬ್ಯಾಕಪ್‌ಗೆ ಸ್ನ್ಯಾಪ್‌ಶಾಟ್ ತೆಗೆಯುವಾಗ ವರ್ಚುವಲ್ ಮಷಿನ್ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಎದ್ದ ಮೇಲೆ ಗಡಿಯಾರ ಸರಿಮಾಡಿಕೊಳ್ಳಲು ಅದಕ್ಕೆ ದಾರಿ ಇರಲಿಲ್ಲ. ಗಡಿಯಾರ ಹೊಂದಿಸುವ ಸಾಫ್ಟ್‌ವೇರ್ ಕ್ರೋನಿ ಓಡುತ್ತಿತ್ತು, ಆದರೆ ಕೇಳಿದರೆ ಯಾವ ಸಮಯ ಸರ್ವರೂ ಸಿಗುತ್ತಿಲ್ಲ ಅನ್ನುತ್ತಿತ್ತು. ಆ ಮಷಿನ್ ಇದ್ದ ನೆಟ್‌ವರ್ಕ್‌ನಿಂದ ಸಮಯ ಕೇಳುವ ದಾರಿ (ಯುಡಿಪಿ 123) ಹೊರಗೆ ಹೋಗದ ಹಾಗೆ ಫೈರ್‌ವಾಲ್‌ನಲ್ಲಿ ಹಳೇ ನಿಯಮ ಒಂದು ಕೂತಿತ್ತು. ಅದನ್ನು ತೆಗೆದು, ಕ್ಯಾಂಪಸ್ ಒಳಗೇ ಸಮಯ ಹೇಳುವ ಒಂದು ಎನ್‌ಟಿಪಿ ಸರ್ವರ್ ಮಾಡಿ, ಅದನ್ನು ಸರ್ಕಾರದ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಮತ್ತು ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯ ಸರ್ವರ್‌ಗಳಿಗೆ ಕಟ್ಟಿದೆವು. ಹೇಗೂ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರ ಆದೇಶದಲ್ಲಿ ಇದನ್ನೇ ಕೇಳಿದೆ. ಲಾಗ್‌ಗಳನ್ನು 180 ದಿನ ಇಡಬೇಕು, ಘಟನೆ ನಡೆದರೆ 6 ಗಂಟೆಯೊಳಗೆ ತಿಳಿಸಬೇಕು ಅನ್ನುವುದೂ ಅದರಲ್ಲೇ ಇದೆ. ಗಡಿಯಾರ ಸರಿ ಇಲ್ಲದ ಲಾಗ್ ಇಟ್ಟುಕೊಂಡು ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಗೆ ಹೇಳುವುದು?

ಹೆಸರು ಹೊಂದಿಸುವಾಗ ಸಿಕ್ಕ ಒಂದು ತೊಡಕನ್ನೂ ಬರೆದುಬಿಡುತ್ತೇನೆ. ಹಳೇ ದಾಖಲೆಯ ಕನ್ನಡ ಹೆಸರು, ಹೊಸದರಲ್ಲಿ ಟೈಪ್ ಮಾಡಿದ ಹೆಸರು ಎರಡೂ ಕಣ್ಣಿಗೆ ಒಂದೇ, ಕಂಪ್ಯೂಟರ್ ಬೇರೆ ಅನ್ನುತ್ತದೆ. "ಗೋಪಾಲ"ದ ಗೋ ಒಂದೇ ಸ್ವರಚಿಹ್ನೆಯಾಗಿಯೂ ಇರಬಹುದು, ಮೂರು ತುಂಡಾಗಿಯೂ ಇರಬಹುದು. ತುಂಡುಗಳನ್ನು ಜೋಡಿಸಿ ಬರೆಯುವ ಯೂನಿಕೋಡ್ ಎನ್‌ಎಫ್‌ಸಿ ರೂಪಕ್ಕೆ ತಂದರೆ ಅದು ಸರಿಯಾಗುತ್ತದೆ. "ರಾಜ್‌ಕುಮಾರ್" ಥರದ ಹೆಸರಲ್ಲಿ ಜಕಾರಕ್ಕೂ ಕಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಕೋಡ್ ಕೂತಿರುತ್ತದೆ, ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹೋಲಿಸುವಾಗ ಮಾತ್ರ ಅದನ್ನು ತೆಗೆಯಿರಿ, ದಾಖಲೆಯಿಂದ ತೆಗೆಯಬೇಡಿ. ತೆಗೆದರೆ ಪದವಿ ಪ್ರಮಾಣಪತ್ರದಲ್ಲಿ ಹೆಸರು ಒತ್ತಕ್ಷರವಾಗಿ ಕೆಡುತ್ತದೆ.

ಬಾಕಿ ಇರುವುದು

ವೈಫೈ ಇನ್ನೂ ಈ ಲಾಗಿನ್‌ಗೆ ಸೇರಿಲ್ಲ. ಶಿಕ್ಷಣ ಸಂಸ್ಥೆಗಳ ನೆಟ್‌ವರ್ಕ್ ನಡೆಸುವ ಎರ್ನೆಟ್ ಮೂಲಕ ಎಡುರೋಮ್ ಅನ್ನುವ ಹಂಚಿಕೆಯ ವೈಫೈ ತರುವ ಆಸೆ ಇದೆ, ನಮ್ಮ ಮಕ್ಕಳು ಬೇರೆ ಕ್ಯಾಂಪಸ್‌ಗೆ ಹೋದರೂ ಅದೇ ಖಾತೆಯಲ್ಲಿ ನೆಟ್ ಸಿಗುತ್ತದೆ. ಆದರೆ ಹೆಚ್ಚು ಬಳಕೆಯಲ್ಲಿರುವ ಪೀಪ್-ಎಂಎಸ್‌ಚಾಪ್ ಅನ್ನುವ ವೈಫೈ ಲಾಗಿನ್ ವಿಧಾನಕ್ಕೆ ಪಾಸ್‌ವರ್ಡ್‌ನ ಹಳೇ ಎನ್‌ಟಿ ಹ್ಯಾಶ್ ಇಟ್ಟುಕೊಂಡಿರಬೇಕು. ಈಗ ನಾವು ಇಡುವ ಗಟ್ಟಿ ಹ್ಯಾಶ್ ಆರ್ಗಾನ್2ನಿಂದ ಅದು ಹೊರಡುವುದಿಲ್ಲ, ಅದಕ್ಕೋಸ್ಕರ ಬಲಹೀನ ಹ್ಯಾಶ್ ಇಡಲು ನಾನು ಒಪ್ಪುವುದಿಲ್ಲ. ವೈಫೈಗೆ ಬೇರೆಯೇ ಪಾಸ್‌ವರ್ಡನ್ನು ಯಂತ್ರದಿಂದ ಹುಟ್ಟಿಸಿ ಕೊಡುವುದೋ, ಫೋನಿಗೇ ಡಿಜಿಟಲ್ ಸರ್ಟಿಫಿಕೇಟ್ ಕೊಡುವುದೋ ಅಂತ ವೈಫೈ ಲಾಗಿನ್ ಸರ್ವರ್ ಫ್ರೀರೇಡಿಯಸ್‌ನಲ್ಲಿ ಎರಡನ್ನೂ ಓಡಿಸಿ ನೋಡುತ್ತಿದ್ದೇವೆ.

ಅದಕ್ಕಿಂತ ಮೊದಲು ಆಗಬೇಕಾದದ್ದು ರೀಸೆಟ್ ಪುಟದ ಕ್ಯಾಪ್ಚಾ. ಚಿತ್ರದ ಅಕ್ಷರ ಓದುವ ಕ್ಯಾಪ್ಚಾ ಅದು, ಕಣ್ಣು ಕಾಣದ ವಿದ್ಯಾರ್ಥಿಗಳು ಅಲ್ಲಿ ಇನ್ನೊಬ್ಬರ ಕೈಗೆ ಫೋನ್ ಕೊಡಬೇಕಾಗುತ್ತದೆ. ಕಾಯುವ ಹೊತ್ತು ಬೆಳೆಯುವ ಏರ್ಪಾಡು ಇರುವಾಗ ಅದರ ಅಗತ್ಯವೂ ಅಷ್ಟಿಲ್ಲ. ಸ್ಕ್ರೀನ್ ರೀಡರ್ ಬಳಸುವ ಇಬ್ಬರು ಎಂ.ಎ. ವಿದ್ಯಾರ್ಥಿಗಳು ಟೆಸ್ಟ್ ಸರ್ವರ್‌ನಲ್ಲಿ ಕ್ಯಾಪ್ಚಾ ಇಲ್ಲದ ಪುಟವನ್ನು ಮೊದಲಿಂದ ಕೊನೆವರೆಗೆ ತಾವೇ ಮಾಡಿ ನೋಡುತ್ತಿದ್ದಾರೆ. ಅವರು ಸರಿ ಅಂದ ಮೇಲೆ, ಪರೀಕ್ಷಾ ಅರ್ಜಿ ಶುರುವಾಗುವ ಮೊದಲೇ ಅದನ್ನು ಚಾಲೂ ಮಾಡುತ್ತೇವೆ.